ಏಳು ಗಾಲಿಗಳ ಕತ್ತಿ

“ತಾಯಿ, ಎಲ್ಲರಿಗೂ ಒಂದೇ ನಿಯಮ ಇಡುವುದು ತಪ್ಪೇ?” ಎಂದು ಶಿಷ್ಯೆ ಗುರುತಾಯಿಯನ್ನು ಕೇಳಿದಳು.

ಆಶ್ರಮದಲ್ಲೇ ಇದ್ದುಕೊಂಡು ಅಲ್ಲಿನ ಹೊಲಿಗೆ ಶಾಲೆಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಹನ್ನೆರಡು ಯಂತ್ರ, ಹನ್ನೆರಡು ಹೆಂಗಸರು. ಹೊರಗೆ ಕಾಯುತ್ತಿದ್ದವರು ಇನ್ನೂ ಹಲವರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಯಂತ್ರದ ಮುಂದೆ ಕೂತಿರಬೇಕು. ಮೂರು ದಿನ ತಡವಾದರೆ ಯಂತ್ರ ಇನ್ನೊಬ್ಬರಿಗೆ. ಆ ದಿನ ಓಬಕ್ಕ ಎಂಬವಳು ಮೂರನೆಯ ಸಲ ತಡವಾಗಿ ಬಂದಿದ್ದಳು.

“‘ನಮ್ಮ ಬೀದಿಗೆ ನೀರು ಬಿಡುವುದೇ ಏಳೂವರೆಗೆ’ ಎಂದಳು. ‘ನೀರು ಎಲ್ಲರ ಮನೆಗೂ ಬೇಕಮ್ಮ’ ಎಂದು ಯಂತ್ರ ಬಿಡಿಸಿದೆ. ಕತ್ತರಿಯನ್ನು ಮೇಜಿನ ಮೇಲಿಟ್ಟು ಹೋದಳು. ಬೈದಾದರೂ ಹೋಗಿದ್ದರೆ ಚೆನ್ನಾಗಿತ್ತು. ನಾನು ಪಕ್ಷಪಾತ ಮಾಡಲಿಲ್ಲ, ತಾಯಿ. ಮತ್ತೆ ಮನಸ್ಸು ಏಕೆ ಚುಚ್ಚುತ್ತಿದೆ?”

ಗುರುತಾಯಿ ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸದೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಅವನ ಪದರದ ಬಿಸ್ಕತ್ತಿಗೆ ಸುತ್ತಲ ಹತ್ತೂರಲ್ಲಿ ಹೆಸರು. ಭಟ್ಟಿ ಅವನ ಅಪ್ಪ ಕಟ್ಟಿಸಿದ್ದು. ಬೆಂಕಿ ಹಾಕುವ ಮೊದಲು ದಿನವೂ ಅದಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದ. ಅಪ್ಪ ಬದುಕಿದ್ದಾಗ ಅಪ್ಪನಿಗೆ ಅಷ್ಟು ಕೈಮುಗಿದಿದ್ದನೋ ಇಲ್ಲವೋ ಗೊತ್ತಿಲ್ಲ.

ಹಿಟ್ಟು ಲಟ್ಟಿಸಿ, ತಗಡಿನ ಮೇಲೆ ಹಾಸಿ, ತುಂಡು ಮಾಡುವ ಕೆಲಸ ಒಬ್ಬ ಹೆಂಗಸಿನದು. ಹದಿನಾರು ವರ್ಷದಿಂದ ಅವಳೇ ಮಾಡುತ್ತಿದ್ದಳು. ಅವಳ ಬಳಿ ಇದ್ದದ್ದು ಒಂದು ಕತ್ತಿ ಮತ್ತು ಕಣ್ಣಳತೆ. ತಗಡಿನ ಎಡಗಡೆಯ ತುಂಡುಗಳನ್ನು ಅವಳು ದೊಡ್ಡದಾಗಿ ಕೊಯ್ಯುತ್ತಿದ್ದಳು. ಬಲಕ್ಕೆ ಹೋದಂತೆ ತುಂಡು ಚಿಕ್ಕದಾಗುತ್ತಿತ್ತು. ಏಕೆಂದರೆ ಆ ಭಟ್ಟಿಯಲ್ಲಿ ಎಡಗೋಡೆಯ ಕಡೆ ಕಾವು ಜೋರು, ಬಲಗಡೆ ಮಂದ. ನಡುವೆ ಬಾಗಿಲು ತೆಗೆದು ತಗಡು ತಿರುಗಿಸೋಣವೆಂದರೆ ಕಾವು ಇಳಿದು ಪದರ ಉಬ್ಬದೆ ಕೂತುಬಿಡುತ್ತದೆ. ಅದಕ್ಕೇ ಹೆಚ್ಚು ಕಾವಿಗೆ ಹೆಚ್ಚು ಹಿಟ್ಟು, ಕಡಿಮೆ ಕಾವಿಗೆ ಕಡಿಮೆ ಹಿಟ್ಟು. ಹದಿನಾರು ವರ್ಷದಲ್ಲಿ ಒಂದು ಬಿಸ್ಕತ್ತೂ ಸೀದಿರಲಿಲ್ಲ, ಒಂದೂ ಹಸಿಯಾಗಿ ಉಳಿದಿರಲಿಲ್ಲ. ಯಾರೂ ಅದನ್ನು ಹೊಗಳಲೂ ಇಲ್ಲ. ಸೀಯದೆ ಇರುವುದು ಯಾರ ಕಣ್ಣಿಗೆ ಬೀಳುತ್ತದೆ?

ಚಿಕ್ಕದು ದೊಡ್ಡದು ಮಾತ್ರ ಕಣ್ಣಿಗೆ ಬೀಳುತ್ತದೆ. ಒಂದು ದಿನ ಗಿರಾಕಿಯೊಬ್ಬ ಎರಡು ಬಿಸ್ಕತ್ತುಗಳನ್ನು ಜೋಡಿಸಿ ಹಿಡಿದು, “ಅವನಿಗೆ ಅಷ್ಟಗಲ, ನನಗೆ ಇಷ್ಟೇ ಇಷ್ಟು. ನಿಮ್ಮ ಕೊಯ್ಯುವವಳಿಗೆ ನಾನೇನು ಮಲಮಗನೇ?” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬೇಕರಿಯವನು ನಗಲಿಲ್ಲ. ಒಳಗೆ ಬಂದು ಹೆಂಗಸನ್ನು ಕೇಳಿದ.

“ನಿನ್ನ ಕಣ್ಣು ಕೆಟ್ಟಿದೆಯೋ, ಕೈ ಕೆಟ್ಟಿದೆಯೋ?”

“ಎರಡೂ ನೆಟ್ಟಗಿವೆ ಯಜಮಾನ್ರೇ. ಭಟ್ಟಿಯ ಕಾವೇ ಒಂದು ಕಡೆಗಿದೆ.”

ಭಟ್ಟಿಯನ್ನು ಅಂದದ್ದು ಅವನಿಗೆ ಅಪ್ಪನನ್ನೇ ಅಂದಂತಾಯಿತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಹೊರಗೆ ನಡೆದ.

ಅದೇ ವಾರ ಪಟ್ಟಣದ ವ್ಯಾಪಾರಿಯೊಬ್ಬ ಬಂದ. ಕರ್ಜಿಕಾಯಿಯ ಅಂಚು ಕತ್ತರಿಸುವ ಗಾಲಿ ಮನೆಮನೆಯಲ್ಲೂ ಇರುತ್ತದಲ್ಲ, ಅಂಥ ಏಳು ಗಾಲಿಗಳನ್ನು ಒಂದೇ ಸಾಲಿಗೆ ಪೋಣಿಸಿದ ಕತ್ತಿ ಅವನ ಚೀಲದಲ್ಲಿತ್ತು. ಎಳೆದರೆ ಗಾಲಿಗಳು ದೂರವಾಗುತ್ತವೆ, ಒತ್ತಿದರೆ ಹತ್ತಿರವಾಗುತ್ತವೆ. ಆದರೆ ಎರಡು ಗಾಲಿಗಳ ನಡುವೆ ಎಷ್ಟು ಅಂತರವೋ ಎಲ್ಲ ಗಾಲಿಗಳ ನಡುವೆಯೂ ಅಷ್ಟೇ. ಒಂದನ್ನು ಮಾತ್ರ ಅಗಲ ಮಾಡಲು ಬರುವುದಿಲ್ಲ.

“ಇದಕ್ಕೆ ಮಗನೂ ಇಲ್ಲ, ಮಲಮಗನೂ ಇಲ್ಲ” ಎಂದ ವ್ಯಾಪಾರಿ. ಊರಿನ ನಗೆಮಾತು ಅವನ ಕಿವಿಗೂ ಬಿದ್ದಿರಬೇಕು.

ಬೇಕರಿಯವನು ಕೊಂಡ. ತಂದು ಹೆಂಗಸಿನ ಕೈಗೆ ಕೊಟ್ಟ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಚೆನ್ನಾಗಿದೆ ಯಜಮಾನ್ರೇ. ಆದರೆ ಎಡಗಡೆ ಸಾಲು ಸೀಯುತ್ತದೆ.”

“ನೀನು ಗಾಲಿ ಉರುಳಿಸು. ನಾಲಿಗೆ ಉರುಳಿಸಬೇಡ.”

ಅವಳು ಉರುಳಿಸಿದಳು. ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ. ತಗಡಿನ ತುಂಬ ಒಂದೇ ಅಳತೆಯ ಚೌಕಗಳು. ಬೇಕರಿಯವನು ಗಿರಾಕಿಗಳನ್ನು ಒಳಗೆ ಕರೆದು ಹಸಿ ಹಿಟ್ಟನ್ನೇ ತೋರಿಸಿದ. ಬೆಂದು ಹೊರಬಂದಾಗ ಎಡಗಡೆ ಸಾಲು ಕರಕಲಾಗಿತ್ತು. ಬಲಗಡೆಯದು ಒಳಗೆಲ್ಲ ಹಸಿ.

“ಬೇಕೆಂದೇ ಸೀಯಿಸಿದೆ. ನಿನ್ನ ಮಾತು ನಡೆಯಲಿಲ್ಲವೆಂಬ ಹೊಟ್ಟೆಯುರಿ” ಎಂದ ಬೇಕರಿಯವನು. ನಾಳೆಯಿಂದ ಬರಬೇಡ ಎಂದ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂಬುದು ಅವನಿಗೆ ಗೊತ್ತಿತ್ತು. ಅವಳು ತನ್ನ ಹಳೆಯ ಕತ್ತಿಯನ್ನು ಹಲಗೆಯ ಮೇಲಿಟ್ಟು ಹೊರಟುಹೋದಳು.

ಎರಡನೆಯವಳು ಬಂದಳು. ಎಡಗಡೆ ಸೀದಿತು. ಅವಳನ್ನೂ ಬಿಡಿಸಿದ. ಮೂರನೆಯವನು ಗಂಡಸು, ಮಾತಿಲ್ಲದವನು. ಅವನು ಉರುಳಿಸಿದರೂ ಎಡಗಡೆ ಸೀದಿತು. ಮೂವರ ಕೈಯಲ್ಲೂ ಒಂದೇ ಕಡೆ ಏಕೆ ಸೀಯುತ್ತದೆ ಎಂದು ಬೇಕರಿಯವನು ಯೋಚಿಸಿದನೇ? ಯೋಚಿಸಿದ. ಈಗಿನ ಕಾಲದವರಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ ಎಂಬ ತೀರ್ಮಾನಕ್ಕೆ ಬಂದ.

ಕೊನೆಗೆ ಒಂದು ದಾರಿ ಕಂಡುಕೊಂಡ. ನಡುವಿನ ಸಾಲುಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿದ. ಸೀದದ್ದನ್ನೂ ಹಸಿಯಾದದ್ದನ್ನೂ ಹಿಂಬಾಗಿಲಲ್ಲಿ ಕೂಲಿಯವರಿಗೆ ಅರ್ಧ ಬೆಲೆಗೆ ಮಾರಿದ. ಮುಂಬಾಗಿಲ ಗಿರಾಕಿಗಳು ಬಿಸ್ಕತ್ತುಗಳನ್ನು ಜೋಡಿಸಿ ನೋಡಿದರು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಧರ್ಮ ಅನ್ನುವುದಿದ್ದರೆ ಈ ಅಂಗಡಿಯಲ್ಲೇ ಎಂದರು. ಮಲಮಗನೆಂದು ಜಗಳವಾಡಿದವನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ.

ಒಂದು ಸಂಜೆ ಆ ಮೊದಲಿನ ಹೆಂಗಸು ಹಿಂಬಾಗಿಲಿಗೆ ಬಂದಳು. ಈಗ ಅವಳು ಕಲ್ಲು ಹೊರುತ್ತಿದ್ದಳು. ಬೇಕರಿಯವನು ಗುರುತು ಹಿಡಿದ, ಹಿಡಿಯದವನಂತೆ ಒಂದು ಬಿಸ್ಕತ್ತು ಕೊಟ್ಟ. ಅವಳು ಮಗುಚಿ ನೋಡಿದಳು.

“ಇದು ಎಡಗೋಡೆ ಕಡೆಯದು.”

“ಅಳೆದು ನೋಡಮ್ಮ. ಮುಂಬಾಗಿಲಿನವರಿಗೆ ಕೊಡುವುದೂ ಇಷ್ಟೇ ಅಗಲ.”

ಅವಳು ಬೆರಳಿಟ್ಟು ಅಳೆದಳು. ಅವನು ಹೇಳಿದ್ದು ನಿಜವಾಗಿತ್ತು. ಕರಿಯನ್ನು ಉಗುರಿನಿಂದ ಕೆರೆದಳು. ಕೆರೆದಷ್ಟೂ ಕರಿಯೇ ಬಂತು. ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಗುರುತಾಯಿ ಇಷ್ಟಕ್ಕೆ ನಿಲ್ಲಿಸಿದರು.

“ಆಮೇಲೆ ಭಟ್ಟಿಯನ್ನು ಸರಿಮಾಡಿಸಿದನೇ, ತಾಯಿ?”

“ಇಲ್ಲ. ಆಯುಧಪೂಜೆಯ ದಿನ ಗಾಲಿಕತ್ತಿಗೂ ಕುಂಕುಮ ಇಡುತ್ತಾನಂತೆ.”

“ಎಂಥ ಮೂರ್ಖ! ಅವಳು ಬಾಯಿಬಿಟ್ಟು ಹೇಳಿದ್ದಳಲ್ಲ. ಕೈ ಚಾಚಿ ಒಂದು ಸಲ ಗೋಡೆ ಮುಟ್ಟಿ ನೋಡಿದ್ದರೆ ಸಾಕಿತ್ತು” ಎಂದಳು ಶಿಷ್ಯೆ.

ಗುರುತಾಯಿ ಸುಲಿದ ಕಾಳನ್ನು ಬದಿಗೆ ಸರಿಸಿ ಕೇಳಿದರು:

“ನಿನ್ನ ಕೋಣೆಯ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮಗಳೇ?”