ಸೊಟ್ಟ ಕತ್ತಿನ ಮದುವೆ ಮಡಕೆ

ಇಬ್ಬರೂ ಮಲಗಿ. ಪಲ್ಲು ಈ ಕಡೆ, ತೇಜು ಆ ಕಡೆ, ನಡುವೆ ನಾನು. ನನ್ನ ಕನ್ನಡಕದ ಕಡ್ಡಿ ಮುರಿದದ್ದು ಯಾರು ಅಂತ ನಾನು ಈಗ ಕೇಳ್ತಾ ಇಲ್ಲ. ಸಾಯಂಕಾಲ ಕೇಳಿದ್ದಕ್ಕೆ ಅವನು ಇವಳು ಅಂದ, ಇವಳು ಅವನು ಅಂದಳು, ನಾನು ಇಬ್ಬರಿಗೂ ಚಕ್ಕುಲಿ ಇಲ್ಲ ಅಂದೆ, ಅಲ್ಲಿಗೆ ಆಯ್ತು. ಕತೆ ಹೇಳೋಕೆ ಕನ್ನಡಕ ಬೇಡ. ಕೇಳಿ.

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದ ನಮ್ಮಜ್ಜಿಗೇ ಗೊತ್ತಿರಲಿಲ್ಲ, ಒಂದು ಊರಲ್ಲಿ ಬೆಳ್ಳಮ್ಮ ಅಂತ ಒಬ್ಬಳು ಕುಂಬಾರಗಿತ್ತಿ ಇದ್ದಳಂತೆ. ಅವಳ ಗಂಡ ತಿಗರಿ ಚಕ್ರ ತಿರುಗಿಸಿ ಮಡಕೆ ಮಾಡಿಟ್ಟು, ಸುಟ್ಟ ಮಡಕೆಗಳನ್ನ ಕತ್ತೆ ಮೇಲೆ ಹೇರಿಕೊಂಡು ಸಂತೆ ಸಂತೆ ತಿರುಗೋಕೆ ಹೊರಟುಬಿಡೋನು. ತಟ್ಟಿ ನಯ ಮಾಡೋದು, ಒಣಗಿಸೋದು, ಸುಡೋದು ಎಲ್ಲ ಇವಳದ್ದೇ. ಮನೇಲಿ ಅವಳು, ಒಂದು ಮುದಿ ಕತ್ತೆ, ಮೂರು ಮಕ್ಕಳು. ದೊಡ್ಡವನು ಈರ, ನಡುವಿನವಳು ಕೆಂಪಿ, ಚಿಕ್ಕವನು ಮುದ್ದ. ಈ ಕತೇಲಿ ದೇವರು ಬರಲ್ಲ, ರಾಜ ಬರಲ್ಲ, ಮೊದಲೇ ಹೇಳಿಬಿಡ್ತೀನಿ.

ಬೆಳ್ಳಮ್ಮನಿಗೆ ಒಂದು ಕಾಯಿಲೆ ಇತ್ತಂತೆ, ಅನುಮಾನದ ಕಾಯಿಲೆ. ಹೊಳೆಯಿಂದ ಬಂದವಳು ತಲೆ ಮೇಲಿನ ಬಿಂದಿಗೆ ಇಳಿಸೋ ಮುಂಚೆ ಮಕ್ಕಳ ಬಾಯಿ ಮೂಸೋಳಂತೆ, ಬೆಲ್ಲ ತಿಂದಿದ್ದಾವೇನೋ ಅಂತ. ಮಕ್ಕಳು ನಕ್ಕರೆ ಯಾಕೆ ನಗ್ತಿದ್ದಾವೆ ಅನ್ನೋಳು, ಸುಮ್ಮನೆ ಕೂತರೆ ಏನು ಮಾಡಿ ಕೂತಿದ್ದಾವೆ ಅನ್ನೋಳು. ಏನಾದರೂ ಕೆಟ್ಟರೆ ಮೂವರನ್ನೂ ಸಾಲಾಗಿ ನಿಲ್ಲಿಸೋಳು. ಆಗ ಈರ, ಕೆಂಪಿ ಕಣವ್ವಾ ಅನ್ನೋನು. ಕೆಂಪಿ, ನಾನ್ಯಾಕೆ, ಮುದ್ದ ಕಣವ್ವಾ ಅನ್ನೋಳು. ಮುದ್ದನಿಗೆ ಐದು ವರ್ಷ, ಎಷ್ಟೋ ಸಲ ಏನು ಕೆಟ್ಟಿದೆ ಅಂತಾನೂ ಗೊತ್ತಿರುತ್ತಿರಲಿಲ್ಲ, ಆದರೂ ಕೈ ಚಾಚಿ ಈರಣ್ಣ ಅನ್ನೋನು. ಮೂರು ಬೆರಳೂ ಒಂದು ಸುತ್ತು ಸುತ್ತಿ ಹೊರಟಲ್ಲಿಗೇ ಬರೋವು. ಬೆಳ್ಳಮ್ಮ ಮೂವರ ಕಿವೀನೂ ಒಂದೇ ಸಮ ಹಿಂಡಿಬಿಡೋಳು. ಅದನ್ನ ಅವಳು ನ್ಯಾಯ ಅಂತ ಕರೆಯೋಳಂತೆ.

ಮೊದಲು ಹೀಗಿರಲಿಲ್ಲ. ಹಿಂದಿನ ವರ್ಷ ಕೆಂಪಿ ನೀರಿನ ಹೂಜಿ ಒಡೆದು, ಅವ್ವಾ ನಾನೇ ಒಡೆದೆ ಅಂತ ತಾನಾಗಿ ಬಂದು ಹೇಳಿದ್ದಳಂತೆ. ಒಡೆದದ್ದಕ್ಕೆ ಎರಡು ಏಟು ಬಿತ್ತು, ಆಮೇಲೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಅಂತ ನಾಲ್ಕು ಬಿತ್ತು. ಉಳಿದಿಬ್ಬರು ಬಾಗಿಲ ಸಂದಿಯಿಂದ ನೋಡ್ತಾ ಇದ್ದರು. ಮಕ್ಕಳು ದಡ್ಡರಲ್ಲ. ನಿಜ ಹೇಳಿದರೆ ಆರು ಏಟು, ಸುಳ್ಳು ಹೇಳಿದರೆ ಒಂದು ಸಲ ಕಿವಿ ಹಿಂಡಿಸಿಕೊಂಡರಾಯ್ತು. ಅವತ್ತಿಂದ ಆ ಮನೇಲಿ ಯಾರೂ ನಾನೇ ಅನ್ನಲಿಲ್ಲವಂತೆ.

ಹೀಗಿರುವಾಗ ಪಟೇಲರ ಮೊಮ್ಮಗಳಿಗೆ ಮದುವೆ ಗೊತ್ತಾಯ್ತಂತೆ. ಆ ಊರಲ್ಲಿ ಒಂದು ಪದ್ಧತಿ. ಮದುವೆಗೆ ಮೂರು ಕೆಂಪು ಮಡಕೆ ಬೇಕು. ಹೆಣ್ಣಿನ ಅಜ್ಜಿ ವಾಲಗ ಊದಿಸಿಕೊಂಡು ಕುಂಬಾರರ ಬಾಗಿಲಿಗೇ ಬಂದು, ಮೊರದ ತುಂಬ ಅಕ್ಕಿ, ಬೆಲ್ಲ, ಎಲೆಯಡಿಕೆ ಕೊಟ್ಟು ಮಡಕೆ ತಗೊಂಡು ಹೋಗಬೇಕು. ಕೊಡೋ ಮುಂಚೆ ಕುಂಬಾರಗಿತ್ತಿ ಎಲ್ಲರ ಎದುರಿಗೆ ಒಂದೊಂದು ಮಡಕೇನೂ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಬೇಕು. ಗಟ್ಟಿ ಮಡಕೆ ಠಣ್ ಅನ್ನುತ್ತೆ. ಬಿರುಕು ಬಿಟ್ಟದ್ದು ದೊಬ್ ಅನ್ನುತ್ತೆ. ದೊಬ್ ಅನ್ನೋ ಮಡಕೆ ಮುಂದಿಟ್ಟ ಮನೆಗೆ ಆಮೇಲೆ ಯಾರೂ ಬರಲ್ಲ, ಪಕ್ಕದೂರಿನ ಕುಂಬಾರನ ಹತ್ತಿರ ಹೋಗ್ತಾರೆ. ಬೆಳ್ಳಮ್ಮನ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಕೊಟ್ಟುಕೊಂಡು ಬಂದಿದ್ದ ಮಡಕೆ ಅದು. ತನ್ನ ಕೈಯಲ್ಲಿ ಅದು ತಪ್ಪಿಹೋದರೆ ಊರಲ್ಲಿ ತಲೆ ಎತ್ತೋದು ಹೇಗೆ ಅಂತ ಅವಳಿಗೆ ದಿಗಿಲು.

ಗಂಡ ಮೂರು ಹಸಿ ಮಡಕೆ ಮಾಡಿಟ್ಟು ಸಂತೆಗೆ ಹೋದನಂತೆ. ಆಮೇಲೆ ಶುರುವಾಯ್ತು. ಮೊದಲನೇ ದಿನ ಒದ್ದೆ ಗೋಣಿ ಹೊದಿಸಿಟ್ಟಿದ್ದ ಹದ ಮಣ್ಣಿನ ಮುದ್ದೆ ಅರ್ಧ ಆಗಿಹೋಗಿತ್ತು. ಮೂರು ಬೆರಳು, ಮೂರು ಕಿವಿ. ಎರಡನೇ ದಿನ ಮಡಕೆಗೆ ಬಳಿಯೋಕೆ ಕಲಸಿಟ್ಟಿದ್ದ ಜಾಜಿನ, ಅಂದರೆ ಕೆಮ್ಮಣ್ಣಿನ ಬಟ್ಟಲು ಬೋರಲು ಬಿದ್ದು ನೆಲವೆಲ್ಲ ಕೆಂಪಾಗಿತ್ತು. ಮತ್ತೆ ಮೂರು ಬೆರಳು, ಮೂರು ಕಿವಿ. ಅವತ್ತು ಮುದಿ ಕತ್ತೆಯ ಹಣೆ ಮೇಲೆ ಒಂದು ಕೆಂಪು ಬೊಟ್ಟು ಇತ್ತು, ಅದನ್ನ ಬೆಳ್ಳಮ್ಮ ನೋಡಲೇ ಇಲ್ಲ. ಅನುಮಾನ ಇರೋರು ಮಕ್ಕಳ ಮುಖ ನೋಡ್ತಾರೆ, ಕತ್ತೆ ಮುಖ ನೋಡಲ್ಲ. ಅವತ್ತು ಸಂಜೆ ಇದ್ದಕ್ಕಿದ್ದಂತೆ ಮಳೆ ಬಂತು, ಬೆಳ್ಳಮ್ಮ ಅಂಗಳದಲ್ಲಿದ್ದ ಹಸಿ ಮಡಕೆಗಳನ್ನ ಗಡಿಬಿಡಿಯಲ್ಲಿ ಎತ್ತಿ ಒಳಗಿಟ್ಟಳು. ಮೂರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಒಂದು ಮಡಕೆಯ ಹೆಗಲ ಮೇಲೆ ಗುಳಿ. ಯಾರೋ ಹೆಬ್ಬೆರಳು ಒತ್ತಿದ್ದರು.

ಬೆಳ್ಳಮ್ಮ ಮೂವರ ಕಿವೀನೂ ಹಿಂಡಿ, ಇನ್ನು ಇದು ಸಾಲದು ಅಂದಳಂತೆ. ಇದನ್ನ ಮಾಡಿದೋರು ಯಾರು ಅಂತ ಗೊತ್ತಾಗಲಿ, ಸೋದರಮಾವನ ಊರಿಗೆ ಅಟ್ಟಿಬಿಡ್ತೀನಿ, ಸುಗ್ಗಿವರೆಗೆ ಈ ಮನೆ ಹೊಸಲು ತುಳಿಯೋ ಹಾಗಿಲ್ಲ. ಮುದ್ದ ಅಳೋಕೆ ಶುರು ಮಾಡಿದ. ಅಳ್ತಾನೆ ಅಂದರೆ ಇವನೇ ಇರಬೇಕು ಅಂದುಕೊಂಡಳು. ಕೆಂಪಿ ಅಳಲಿಲ್ಲ. ಅಳಲ್ಲ ಅಂದರೆ ಇವಳೇ ಇರಬೇಕು ಅಂದುಕೊಂಡಳು.

ಆಮೇಲೆ ಮೂರು ಪರೀಕ್ಷೆ ಮಾಡಿದಳಂತೆ. ಮೊದಲನೇದು ನಿಮಗೆ ಗೊತ್ತಿರೋದೇ. ಮೂವರಿಗೂ ಒಂದೇ ಅಳತೆಯ ಪೊರಕೆ ಕಡ್ಡಿ ಕೊಟ್ಟು, ಸುಳ್ಳು ಹೇಳಿದೋರ ಕಡ್ಡಿ ಬೆಳಗಾಗೋದ್ರೊಳಗೆ ಒಂದು ಬೆರಳು ಉದ್ದ ಬೆಳೆಯುತ್ತೆ ಅಂದಳು. ಹೆದರಿದ ಕಳ್ಳ ಕಡ್ಡಿ ಮುರಿದಿಡ್ತಾನೆ, ಸಿಕ್ಕಿಬೀಳ್ತಾನೆ, ಅದು ಉಪಾಯ. ಬೆಳಗ್ಗೆ ಅಳೆದರೆ ಮೂರೂ ಕಡ್ಡಿ ಒಂದೊಂದು ಬೆರಳು ಗಿಡ್ಡ. ಈರ ಏನೂ ಮಾಡದೋನು, ಅವನೂ ಮುರಿದಿದ್ದ. ಸುಮ್ಮಸುಮ್ಮನೆ ಬೆಳೆದುಬಿಟ್ಟರೆ ಏನು ಮಾಡೋದು ಅಂತ ಭಯವಂತೆ ಅವನಿಗೆ. ಆ ಮನೇಲಿ ಕಡ್ಡೀನೂ ನಂಬೋ ಹಾಗಿರಲಿಲ್ಲ.

ಎರಡನೇದು, ಮಡಕೆ ತಟ್ಟೋ ಹಾಗೆ ಮೂವರ ತಲೇನೂ ತಟ್ಟಿ ನೋಡ್ತೀನಿ, ಸುಳ್ಳು ಇರೋ ತಲೆ ದೊಬ್ ಅನ್ನುತ್ತೆ ಅಂದಳು. ತಟ್ಟಿದಳು. ಮೂರೂ ಟೊಕ್ ಅಂದವು. ತಲೆ ಅಂದರೆ ತಲೆ, ಇನ್ನೇನು ಅನ್ನುತ್ತೆ? ಆದರೂ ಏನೋ ಕೇಳಿಸಿದೋರ ಹಾಗೆ ಹೂಂ ಹೂಂ ಅಂದಳಂತೆ.

ಮೂರನೇದಕ್ಕೆ ಸ್ವಲ್ಪ ಬುದ್ಧಿ ಇತ್ತು. ಒಬ್ಬೊಬ್ಬರನ್ನೇ ಕರೆದು ಅವರ ಹೆಬ್ಬೆರಳನ್ನ ಆ ಗುಳಿಯಲ್ಲಿ ಇಟ್ಟು ನೋಡಿದಳು. ಮುದ್ದನದು ಒಳಗೆ ಕಳೆದೇಹೋಯ್ತು. ಕೆಂಪಿಯದು ಅಲ್ಲಾಡ್ತು. ಈರನದೂ ಸಡಿಲ. ಗೋಡೆ ಕಡೆ ತಿರುಗಿ ನಿಂತುಕೊಳ್ಳಿ, ನಾನು ಯೋಚನೆ ಮಾಡಬೇಕು ಅಂದಳು. ಮೂವರೂ ತಿರುಗಿದರು. ಯೋಚನೆ ಮಾಡ್ತಾ ಮಾಡ್ತಾ ತನ್ನ ಹೆಬ್ಬೆರಳನ್ನೇ ಗುಳಿಯಲ್ಲಿ ಇಟ್ಟಳಂತೆ. ಮುಚ್ಚಳ ಕೂತ ಹಾಗೆ ಕೂತಿತು. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಅವಳ ಹೆಬ್ಬೆರಳ ಮೇಲೆ ಅಡ್ಡಕ್ಕೆ ಒಂದು ಗಾಯದ ಗೆರೆ ಇತ್ತು. ಬೆರಳು ತೆಗೆದು ನೋಡಿದರೆ ಗುಳಿಯೊಳಗೂ ಅಡ್ಡಕ್ಕೆ ಒಂದು ಗೆರೆ. ಮಳೆ ಬಂದಾಗ ಎತ್ತಿದ್ದು ಅವಳೇ ತಾನೆ.

ಈಗ ನೋಡಿ, ಬೆಳ್ಳಮ್ಮ ಏನು ಮಾಡಿದಳು ಅಂತ. ಮಕ್ಕಳ ಬೆನ್ನು ತನ್ನ ಕಡೆ ಇದೆ. ಯಾರೂ ನೋಡ್ತಿಲ್ಲ. ಚಿಟಿಕೆ ಮಣ್ಣು ತಗೊಂಡು, ನೀರು ಸವರಿ, ಗುಳಿ ತುಂಬಿ, ಮೇಲೆ ನಯ ಮಾಡಿ, ಜಾಜು ಬಳಿದುಬಿಟ್ಟಳಂತೆ. ಆಮೇಲೆ, ಯಾರು ಅಂತ ನನಗೆ ಗೊತ್ತಾಗಿದೆ, ಸಮಯ ಬಂದಾಗ ಹೇಳ್ತೀನಿ ಅಂದಳು. ಸುಳ್ಳಲ್ಲವಲ್ಲ.

ಅವತ್ತಿಂದ ಮದುವೆವರೆಗೆ ಮೂವರೂ ಒಬ್ಬರನ್ನೊಬ್ಬರು ನಂಬಲಿಲ್ಲವಂತೆ. ಈರ ಕೆಂಪಿ ಹಿಂದೆ ಹಿಂದೆ ಹೋಗೋನು, ಕೆಂಪಿ ಮುದ್ದನ ಕೈ ಬಿಡಿಸಿ ನೋಡೋಳು, ಮುದ್ದ ಊಟ ಬಿಟ್ಟು ಮಾವನ ಊರು ಎಷ್ಟು ದೂರ ಅಂತ ಹೋದ ಬಂದೋರನ್ನೆಲ್ಲ ಕೇಳೋನು. ಬೆಳ್ಳಮ್ಮ ಎಲ್ಲ ನೋಡ್ತಾ ಇದ್ದಳು. ಒಂದು ಮಾತು ಆಡಿದರೆ ಮುಗೀತಿತ್ತು. ಆಡಲಿಲ್ಲ.

ಮಡಕೆ ಸುಡೋ ಆವಿಗೇಲಿ ಹಾಕಿ ಸುಟ್ಟದ್ದಾಯ್ತು, ಮದುವೆ ದಿನ ಬಂತು. ವಾಲಗದೋರು ಮುಂದೆ, ಹೆಣ್ಣಿನ ಅಜ್ಜಿ ದೇವೀರಮ್ಮ ಹಿಂದೆ, ಅರ್ಧ ಊರು ಅವಳ ಹಿಂದೆ. ಬೆಳ್ಳಮ್ಮ ಮೊದಲನೇ ಮಡಕೆ ತಟ್ಟಿದಳು, ಠಣ್ ಠಣ್ ಠಣ್. ಎರಡನೇದು, ಠಣ್ ಠಣ್ ಠಣ್. ಮೂರನೇದು, ದೊಬ್.

ಒಣಗಿದ ಮಡಕೆಗೆ ಹಸಿ ಮಣ್ಣು ಮೆತ್ತಿದರೆ ಬೆಂಕಿಯಲ್ಲಿ ಬಿಟ್ಟುಕೊಳ್ಳುತ್ತೆ ಅಂತ ಕುಂಬಾರರ ಮನೆ ಬೆಕ್ಕಿಗೂ ಗೊತ್ತು. ವಾಲಗ ನಿಂತುಹೋಯ್ತು. ಏನೇ ಬೆಳ್ಳಿ ಇದು, ಯಾರ ಕೆಲಸ ಅಂದಳಂತೆ ದೇವೀರಮ್ಮ.

ಬೆಳ್ಳಮ್ಮನ ಕೈ ತಾನಾಗಿ ಮೇಲೆದ್ದು, ಬೆರಳು ಮುದ್ದನ ಕಡೆ ತಿರುಗಿತಂತೆ. ಐದು ವರ್ಷದೋನು, ಅವನೇ ಅಂದರೆ ಯಾರೂ ಹೆಚ್ಚು ಕೇಳಲ್ಲ. ಮುದ್ದ ಆ ಬೆರಳು ನೋಡಿದ. ಅಳಲಿಲ್ಲ. ಒಳಗೆ ಹೋಗಿ ತನ್ನ ಕಂಬಳಿ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ, ಮಾವನ ಊರಿಗೆ ಹೊರಡೋಕೆ.

ಬೆಳ್ಳಮ್ಮ ಆ ಕಂಬಳಿ ನೋಡಿದಳು, ತನ್ನ ಬೆರಳು ನೋಡಿಕೊಂಡಳು. ಮೆಲ್ಲಗೆ ಅದನ್ನ ಮಡಿಸಿದಳು. ನಾನೇ ಕಣಮ್ಮಾ ಅಂದಳಂತೆ. ಹಸಿಯಲ್ಲಿ ಎತ್ತಿ ಗುಳಿ ಬೀಳಿಸಿದೋಳು ನಾನೇ, ಗೊತ್ತಾದ ಮೇಲೆ ಮೆತ್ತಿ ಮುಚ್ಚಿದೋಳೂ ನಾನೇ.

ಮುದ್ದ ಕೇಳಿದ. ಹಂಗಾದರೆ ಮಾವನ ಊರಿಗೆ ನೀನು ಹೋಗ್ತೀಯಾ ಅವ್ವಾ? ಕಂಬಳಿ ಕೊಡ್ಲಾ?

ವಾಲಗದೋನು ಮೊದಲು ನಕ್ಕನಂತೆ. ಆಮೇಲೆ ಎಲ್ಲರೂ. ದೇವೀರಮ್ಮ ನಗಲಿಲ್ಲ. ನಗು ಇರಲಿ, ನನಗೆ ಮೂರು ಮಡಕೆ ಬೇಕು, ಇಲ್ಲದಿದ್ದರೆ ಈಗಲೇ ಪಕ್ಕದೂರಿಗೆ ಗಾಡಿ ಕಟ್ಟಿಸ್ತೀನಿ ಅಂದಳು. ಗಂಡ ಊರಲ್ಲಿಲ್ಲ, ಮಾಡಿ ಒಣಗಿಸಿ ಸುಡೋಕೆ ಹೊತ್ತಿಲ್ಲ. ಬೆಳ್ಳಮ್ಮ ತಲೆ ತಗ್ಗಿಸಿ ನಿಂತಳು.

ಆಗ ಕೆಂಪಿ ಹಿತ್ತಲಿಗೆ ಓಡಿಹೋಗಿ ಒಂದು ಮಡಕೆ ತಂದಳಂತೆ. ಕತ್ತು ಸೊಟ್ಟ, ಹೊಟ್ಟೆ ಒಂದು ಕಡೆ ಹೆಚ್ಚು. ಆವತ್ತು ಮಣ್ಣು ಕದ್ದಿದ್ದು ನಾನು ಕಣವ್ವಾ, ಕೈಯಲ್ಲೇ ತಟ್ಟಿ ಮಾಡಿದೆ, ಆವಿಗೇಲಿ ಹಿಂದುಗಡೆ ಬಚ್ಚಿಟ್ಟು ಸುಟ್ಟೆ ಅಂದಳು. ಹೇಳಿ ಕಣ್ಣು ಮುಚ್ಚಿಕೊಂಡಳು, ಆರು ಏಟಿಗೆ. ಏಟು ಬೀಳಲಿಲ್ಲ. ಬೆಳ್ಳಮ್ಮ ಮಡಕೆ ಇಸಕೊಂಡು ತಟ್ಟಿದಳು. ಠಣ್ ಠಣ್ ಠಣ್.

ದೇವೀರಮ್ಮ ಮಡಕೆಯನ್ನ ಹಿಂದೆ ಮುಂದೆ ತಿರುಗಿಸಿ ನೋಡಿದಳು. ನನ್ನ ಕತ್ತೂ ಹಿಂಗೇ ಇದೆ, ಇದೇ ಇರಲಿ ಅಂತ ತಾನೇ ತಲೆ ಮೇಲೆ ಇಟ್ಟುಕೊಂಡಳಂತೆ. ಆದರೆ ಬೆಳ್ಳೀ, ಮುಂದಿನ ಮದುವೆಗೆ ನಾನೂ ಒಂದು ಸಲ ತಟ್ಟಿ ನೋಡ್ತೀನಿ ಅಂದಳು. ಅನುಮಾನ ಬೆಳ್ಳಮ್ಮನೊಬ್ಬಳ ಸ್ವತ್ತೇನಲ್ಲ.

ಎಲ್ಲ ಹೋದ ಮೇಲೆ ಮುದ್ದ, ಜಾಜು ಚೆಲ್ಲಿದ್ದು ನಾನು, ಕತ್ತೆಗೆ ಬೊಟ್ಟು ಇಡ್ತಿದ್ದೆ ಅಂದ. ಬೆಳ್ಳಮ್ಮ ಈರನ ಕಡೆ ತಿರುಗಿ, ನೀನೇನು ಮಾಡಿದೆಯೋ ಅಂದಳು. ಏನೂ ಮಾಡಿಲ್ಲ ಅಂದ. ಏನೂ ಇಲ್ವಾ? ಏನೂ ಇಲ್ಲ. ಮಣ್ಣಿಗೊಂದು ಸಲ, ಜಾಜಿಗೊಂದು ಸಲ, ಮಡಕೆಗೊಂದು ಸಲ, ಮೂರು ಸಲ ನನ್ನ ಕಿವಿ ಹಿಂಡಿದ್ದೀಯ, ಅದಕ್ಕೇನು ಹೇಳ್ತೀಯ ಅವ್ವಾ?

ಬೆಳ್ಳಮ್ಮ, ಮೂರು ಸಲವೂ ಕೆಂಪಿ ಅಂದೆಯಲ್ಲ, ಅವಳು ಮಾಡಿದ್ದನ್ನ ನೀನು ಕಂಡಿದ್ದೆಯಾ ಅಂದಳು. ಈರ ನೆಲ ನೋಡಿದ. ಇಲ್ಲ ಅಂದ. ಸರಿ, ಹಂಗಾದರೆ ಅದಕ್ಕೆ ಒಂದು ನನ್ನದೇ ಇರಲಿ, ಎರಡು ವಾಪಸ್ ಕೊಡು ಅಂದ.

ಬೆಳ್ಳಮ್ಮ ಬಗ್ಗಿ ಕಿವಿ ಕೊಟ್ಟಳು. ಈರ ಎರಡು ಸಲ ಹಿಂಡಿದ. ಮೆತ್ತಗೆ ಹಿಂಡಿದ ಅಂತ ನಮ್ಮಜ್ಜಿ ಹೇಳೋಳು. ನನಗೆ ನಂಬಿಕೆ ಇಲ್ಲ. ಏನು ತೇಜು, ಇನ್ನೊಂದು ಸಲ ಹೇಳಬೇಕಾ? ಎರಡು ಸಲ ಹಿಂಡಿದ. ಜೋರಾಗೇ. ಸಾಕಾ?

ಆಮೇಲೆ ಬೆಳ್ಳಮ್ಮ ಪೂರ್ತಿ ಬದಲಾದಳು ಅಂತ ಹೇಳಲ್ಲ, ಮಕ್ಕಳ ಬಾಯಿ ಮೂಸೋದು ಬಿಡಲಿಲ್ಲವಂತೆ. ಆದರೆ ನಾನೇ ಅಂತ ಬಂದು ಹೇಳಿದೋರ ಕಿವಿ ಮುಟ್ಟಲಿಲ್ಲ. ಕೆಡಿಸಿದ್ದನ್ನ ಕೂತು ಸರಿ ಮಾಡಿಸೋಳು, ಅಷ್ಟೇ. ಮದುವೆಗೆ ಮಡಕೆ ಕೊಡೋದು ಆ ಮನೇಲೇ ಉಳೀತು, ಎಲ್ಲರೂ ಸುಖವಾಗಿದ್ದರು, ಕತ್ತೇನೂ. ಅಲ್ಲಿಗೆ ಬೆಳ್ಳಮ್ಮನ ಕತೆ ಮುಗೀತು, ಕಣ್ಣು ಮುಚ್ಚಿ.

ಏನು ಪಲ್ಲು? ಜಾಜು ಚೆಲ್ಲಿದ್ದಕ್ಕೆ ಮುದ್ದನಿಗೆ ಆಮೇಲೆ ಹೊಡೆದಳಾ ಅಂತಲಾ? ಇಲ್ಲ ಕಣೇ, ಹೊಡೀಲಿಲ್ಲ. ಬೈಯಲೂ ಇಲ್ಲ. ಯಾಕೆ ಕೇಳ್ತೀಯ?

ಸುಮ್ಮನೆ ಕೇಳಿದೆಯಾ. ಸರಿ.

ನಾಳೆ ಬೆಳಗ್ಗೆ ತೇಜುಗೆ ಎರಡು ಚಕ್ಕುಲಿ ಕೊಡಬೇಕು, ನಾನು ಮರೆತರೆ ನೆನಪು ಮಾಡು. ಇವತ್ತಿನದು ಒಂದು ಬಾಕಿ ಇದೆ.

ಹೂಂ, ಹೇಳು ಪಲ್ಲು. ನಾನಿನ್ನೂ ಎದ್ದೇ ಇದ್ದೀನಿ.