ಅಂಬಿಗನ ಹಳೆಯ ಎಂಜಿನ್

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನನ್ನ ಮೊದಲ ಗುರುಗಳು ತೀರಿಕೊಂಡು ಎರಡು ವರ್ಷವಾಯಿತು. ಇಲ್ಲಿಗೆ ಬಂದು ಎಂಟು ತಿಂಗಳಾದರೂ ಅವರು ಹಾಕಿಕೊಟ್ಟ ಕ್ರಮದಲ್ಲೇ ಏಳುತ್ತೇನೆ, ಅವರ ಧಾಟಿಯಲ್ಲೇ ಓದುತ್ತೇನೆ. ಅದನ್ನು ಬಿಟ್ಟು ನಿಮ್ಮ ಕ್ರಮ ಹಿಡಿದರೆ ಅವರನ್ನೇ ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ?”

ಗುರುಗಳು ಈ ಕತೆ ಹೇಳಿದರು.

ನದಿಯೊಂದು ಕಡಲನ್ನು ಸೇರುವ ಕಡೆ ಒಬ್ಬ ಅಂಬಿಗನಿದ್ದ. ಅವನ ದೋಣಿಯನ್ನು ಅವನ ತಂದೆ ಹೆಬ್ಬಲಸಿನ ಹಲಗೆಯಿಂದ ಮಾಡಿಸಿದ್ದ. ಮದುವೆಯಾದ ಮರುವರ್ಷ ಅಂಬಿಗನೂ ಅವನ ಹೆಂಡತಿ ಸಣ್ಣಮ್ಮನೂ ಸೇರಿ ಅದಕ್ಕೊಂದು ಸೀಮೆಎಣ್ಣೆಯ ಎಂಜಿನ್ ತಂದು ಹಿಂದಿನ ಹಲಗೆಗೆ ಕೂರಿಸಿದರು. ಆ ಹೊಳೆಗೆ ಇಳಿದ ಮೊದಲ ಎಂಜಿನ್ ಅದು. ನೋಡಲು ಎರಡೂ ದಡದವರು ನೆರೆದಿದ್ದರು. ಸಣ್ಣಮ್ಮ ಕುಂಕುಮ ಹಚ್ಚಿ, ಹಗ್ಗವನ್ನು ತಾನೇ ಎಳೆದಳು. ಮೂರನೆಯ ಸಲಕ್ಕೆ ಎಂಜಿನ್ ಗುಡುಗಿತು. ಅವಳು ಬೆಚ್ಚಿ ಗಂಡನ ಮೈಮೇಲೆ ಬಿದ್ದಳು. ಜನ ನಕ್ಕರು, ಅವಳೂ ನಕ್ಕಳು.

ಅಂದಿನಿಂದ ಮೂವತ್ತೊಂದು ವರ್ಷ ಇಬ್ಬರೂ ಆ ದೋಣಿಯಲ್ಲಿ ಜನರನ್ನು ದಾಟಿಸಿದರು. ಅವನು ಹಿಂದೆ ಎಂಜಿನ್ ಹಿಡಿದು ಕೂರುತ್ತಿದ್ದ. ಅವಳು ಮುಂತುದಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತು, ನೀರಿನಡಿಯ ಮರಳ ದಿಬ್ಬಗಳನ್ನು ನೋಡುತ್ತಿದ್ದಳು. ಆ ಸದ್ದಿನಲ್ಲಿ ಹಿಂದೆ ಕೂತ ಅವನಿಗೆ ಮುಂದಿನ ಮಾತು ಕೇಳಿಸುವಂತಿರಲಿಲ್ಲ. ಅವಳು ಬಲಗೈ ಎತ್ತಿದರೆ ಅವನು ದೋಣಿಯನ್ನು ಬಲಕ್ಕೆ ತಿರುಗಿಸುತ್ತಿದ್ದ, ಎಡಗೈ ಎತ್ತಿದರೆ ಎಡಕ್ಕೆ. ಹಗಲೆಲ್ಲ ಅವರ ನಡುವೆ ಇದ್ದದ್ದು ಅಷ್ಟೇ. ಅದರಲ್ಲೇ ಅವನಿಗೆ ನೆಮ್ಮದಿಯಿತ್ತು.

ಒಂದು ಚಳಿಗಾಲ ಸಣ್ಣಮ್ಮ ನಾಲ್ಕು ದಿನ ಮಲಗಿದಳು, ಐದನೆಯ ದಿನ ಏಳಲಿಲ್ಲ.

ಅಂಬಿಗ ಒಬ್ಬನೇ ದೋಣಿ ನಡೆಸತೊಡಗಿದ. ಬೆಳಿಗ್ಗೆ ಹಗ್ಗ ಎಳೆದು ಎಂಜಿನ್ ಸದ್ದು ಮಾಡಿದೊಡನೆ ಅವನಿಗೆ ಮುಂತುದಿಯಲ್ಲಿ ಅವಳ ಬೆನ್ನು ಕಂಡಂತಾಗುತ್ತಿತ್ತು. ಸೀಮೆಎಣ್ಣೆಯ ವಾಸನೆ ಬಂದರೆ ಅವಳ ಸೆರಗಿನ ನೆನಪು. ಆ ಸೆರಗಿನಿಂದಲೇ ಅವಳು ಎಂಜಿನ್ ಒರೆಸುತ್ತಿದ್ದಳು. ಆದರೆ ಎಂಜಿನ್‌ಗೂ ವಯಸ್ಸಾಗಿತ್ತು. ಹತ್ತು ಸಲ ಎಳೆದರೂ ಹೊತ್ತಿಕೊಳ್ಳುತ್ತಿರಲಿಲ್ಲ. ಮೆಕ್ಯಾನಿಕ್ ಅದನ್ನು ಬಿಚ್ಚಿ ಕಟ್ಟಿ ಸಾಕಾಗಿ, “ಇದರ ಕಾಲ ಮುಗಿಯಿತು. ಹೊಸದು ಹಾಕು” ಎಂದ.

“ಇದನ್ನು ತೆಗೆದರೆ ದೋಣಿಯಲ್ಲಿ ಅವಳದೆಂದು ಏನೂ ಉಳಿಯುವುದಿಲ್ಲ” ಎಂದ ಅಂಬಿಗ. ಮೆಕ್ಯಾನಿಕ್ ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಮಧ್ಯಾಹ್ನ, ಕಡಲ ಇಳಿತದ ಹೊತ್ತು, ಹೊಳೆಯ ನೀರು ರಭಸದಿಂದ ಕಡಲ ಕಡೆಗೆ ಇಳಿಯುತ್ತಿತ್ತು. ದೋಣಿಯಲ್ಲಿ ಒಂಬತ್ತು ಜನರಿದ್ದರು. ಅವರಲ್ಲೊಬ್ಬ ತಾಯಿ, ಜ್ವರದಿಂದ ಕಣ್ಣು ತೆರೆಯದ ಕೂಸನ್ನು ಎದೆಗೊತ್ತಿಕೊಂಡು ಆಚೆ ದಡದ ವೈದ್ಯರ ಬಳಿಗೆ ಹೊರಟಿದ್ದಳು. ನಡುಹೊಳೆಯಲ್ಲಿ ಎಂಜಿನ್ ನಿಂತಿತು. ಅಂಬಿಗ ಅಂಗೈ ಸುಲಿಯುವಷ್ಟು ಹಗ್ಗ ಎಳೆದ. ದೋಣಿ, ಹೊಳೆ ಕಡಲಿಗೆ ಬೀಳುವ ಅಳಿವೆಯ ಕಡೆ ಸರಿಯತೊಡಗಿತು. ಅಲೆ ಒಡೆಯುವ ಸದ್ದು ಹತ್ತಿರವಾಯಿತು. ಗಂಡಸರು ಹುಟ್ಟು ಹಾಕಿದರು, ಹೆಂಗಸರು ಬರಿಗೈಯಿಂದ ನೀರು ತಳ್ಳಿದರು. ಆ ತಾಯಿ ಮಾತ್ರ ಕೂಸಿನ ಮುಖ ನೋಡುತ್ತ ಕೂತಿದ್ದಳು. ಕೊನೆಗೆ ಕಡಲಿನಿಂದ ಮರಳುತ್ತಿದ್ದ ಮೀನುಗಾರರು ಹಗ್ಗ ಎಸೆದು ಅವರನ್ನು ಆಚೆ ದಡಕ್ಕೆ ಎಳೆದು ತಂದರು. ತಾಯಿ ದೋಣಿ ನಿಲ್ಲುವ ಮೊದಲೇ ಮೊಣಕಾಲುದ್ದ ನೀರಿಗೆ ಹಾರಿ ಓಡಿದಳು.

ಕೂಸು ಬದುಕಿತು. ಆ ಸುದ್ದಿ ಬರುವವರೆಗೆ ಅಂಬಿಗ ವೈದ್ಯರ ಮನೆಯ ಮೆಟ್ಟಿಲ ಮೇಲೆಯೇ ಕೂತಿದ್ದ. ಮರುದಿನ ತಾನೇ ಹೋಗಿ ಮೆಕ್ಯಾನಿಕ್‌ನನ್ನು ಕರೆದುತಂದ.

ಹಳೆಯ ಎಂಜಿನ್ ಬಿಚ್ಚಲು ಅರ್ಧ ದಿನ ಹಿಡಿಯಿತು. ಬೋಲ್ಟುಗಳು ತುಕ್ಕು ಹಿಡಿದು ಹಲಗೆಯೊಂದಿಗೆ ಒಂದಾಗಿದ್ದವು. ಹಲಗೆಯನ್ನೇ ಕೊಯ್ದು ಹೊಸ ಹಲಗೆ ಕೂರಿಸಬೇಕಾಯಿತು. ಗರಗಸ ಆಡುವಷ್ಟು ಹೊತ್ತೂ ಅಂಬಿಗ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಹೊಸ ಎಂಜಿನ್ ಪೆಟ್ರೋಲಿನದು. ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಅದರ ಸದ್ದು ಎಷ್ಟು ಸಣ್ಣದೆಂದರೆ, ಚಾಲೂ ಆಗಿದೆಯೋ ಇಲ್ಲವೋ ಎಂದು ಅವನು ಕೈಯಿಟ್ಟು ನೋಡಿದ.

ಮೊದಲ ದಿನ ದೋಣಿಯ ಮುಂತುದಿಯಲ್ಲಿ ಚಿಪ್ಪುಮೀನು ಮಾರುವ ಮುದುಕಿಯೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಎಷ್ಟೋ ವರ್ಷಗಳಿಂದ ಆ ದೋಣಿಯಲ್ಲೇ ದಾಟುವವಳು. ನಡುಹೊಳೆಗೆ ಬಂದಾಗ ಅವಳು ತನ್ನಷ್ಟಕ್ಕೆ ಏನನ್ನೋ ಹಾಡಿಕೊಳ್ಳುವುದು ಅಂಬಿಗನ ಕಿವಿಗೆ ಬಿತ್ತು.

“ಅದು ಯಾವ ಹಾಡು, ಅಜ್ಜಿ?” ಎಂದು ಕೇಳಿದ.

ಮುದುಕಿ ತಿರುಗಿ ನೋಡಿದಳು. “ಯಾವುದೆಂದು ಕೇಳುತ್ತೀಯಲ್ಲೋ, ನಿನ್ನ ಹೆಂಡತಿಯದೇ. ಇಲ್ಲಿ ಕೂತು ದಿನಾ ಹಾಡುತ್ತಿದ್ದಳು. ಪದ ಕಟ್ಟುವವಳೂ ಅವಳೇ. ಕೆಲವು ದಿನ ನಿನ್ನನ್ನೇ ಬೈದು ಕಟ್ಟುತ್ತಿದ್ದಳು, ಮುಂದೆ ಕೂತವರೆಲ್ಲ ನಗುತ್ತಿದ್ದೆವು. ಕೊನೆಯ ವರ್ಷ ಮಾತ್ರ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಉಸಿರು ಸಾಲುವುದಿಲ್ಲ ಎನ್ನುತ್ತಿದ್ದಳು. ನಿನಗೂ ಹೇಳಿರಬೇಕಲ್ಲ?”

“ಹೇಳಿರಬಹುದು” ಎಂದ ಅಂಬಿಗ. “ನನಗೆ ಕೇಳಿಸಿರಲಿಕ್ಕಿಲ್ಲ.”

ಅವನು ಎಂಜಿನ್ ನಿಲ್ಲಿಸಿದ. ದೋಣಿ ಹರಿವಿಗೆ ಮೆಲ್ಲಗೆ ತಿರುಗಿತು. ಇನ್ನೊಂದು ಸಲ ಹಾಡೆಂದು ಮುದುಕಿಯನ್ನು ಕೇಳಿಕೊಂಡ. ಅವಳು ನೆನಪಿದ್ದಷ್ಟನ್ನು ಹಾಡಿದಳು. ದೋಣಿಯಲ್ಲಿದ್ದವರು ಯಾರೂ ಹೊತ್ತಾಯಿತು ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಏನೋ ಬರಲಿದೆ ಎಂದು ಕಾದ. ಕೊನೆಗೆ, “ಅಂಬಿಗ ಹೊಸ ಎಂಜಿನ್ ಹಾಕಿದ್ದು ಸರಿ ಎನ್ನುತ್ತೀರಾ?” ಎಂದು ಕೇಳಿದ.

ಗುರುಗಳು ಹೇಳಿದರು: “ನಿನ್ನ ಗುರುಗಳು ಬದುಕಿದ್ದಾಗ ಅವರ ಮಾತು ನಿನಗೆ ಎಷ್ಟು ಕೇಳಿಸಿತ್ತು?”

ಮರುದಿನ ಶಿಷ್ಯ ಹೊಸ ಕ್ರಮದಲ್ಲಿ ಎದ್ದು, ತನ್ನ ಮೊದಲ ಗುರುಗಳು ಕಲಿಸಿದ ಪಾಠವನ್ನು ಅವರ ಧಾಟಿ ಬಿಟ್ಟು, ಒಂದೊಂದೇ ಮಾತು ಕಿವಿಗೆ ಬೀಳುವಂತೆ ಓದಿದ.