ವೇದಿಕೆಯ ಮೇಲೆ ಹಾಜರಿ

ಚುನಾವಣೆ ಹತ್ತಿರ ಬಂದಿತ್ತು. "ಮಕ್ಕಳ ಕಳ್ಳರು ಬಂದಾರ, ನನ್ನ ಆರಿಸಿದ್ರ ನಿಮ್ಮ ಮಕ್ಕಳು ಉಳಿತಾವ" ಎಂದು ಅಭ್ಯರ್ಥಿ ಚನ್ನವೀರಪ್ಪ ಊರನ್ನೇ ಹೆದರಿಸಿದ್ದ. ಆ ಮಾತು ನಂಬಿದ ಜನ, ಎರಡು ವರ್ಷದಿಂದ ಅದೇ ಊರಲ್ಲಿದ್ದು ಚಾದರ ಮಾರುತ್ತಿದ್ದ ಹುಸೇನಿಯನ್ನು ಹಿಡಿದು ಬಡಿದರು.

ಮರುದಿನ ಸಂಜೆ ಸಭೆ. ಚನ್ನವೀರಪ್ಪ ಶಾಲೆಯ ನೀಲಮ್ಮ ಟೀಚರನ್ನು ಕರೆಸಿದ.

"ಅಕ್ಕೋರ, ಮಕ್ಕಳು ಕಾಣೆಯಾಗ್ಯಾವ ಅಂತ ಮೈಕಿನಾಗ ಹೇಳ್ರಿ. ಇಲ್ಲಾಂದ್ರ ವರ್ಗ ಮಾಡಸ್ತೀನಿ."

"ಹೇಳ್ತೀನ್ರಿ ಸಾಹೇಬ್ರ."

ನೀಲಮ್ಮ ಹಾಜರಿ ಪುಸ್ತಕ ಹಿಡಿದು ವೇದಿಕೆ ಹತ್ತಿದರು. "ಯಾರ್ಯಾರು ಕಾಣೆಯಾಗ್ಯಾರ ನೋಡೂಣು" ಎಂದು ಒಂದೊಂದೇ ಹೆಸರು ಕೂಗಿದರು. ತಾಯಂದಿರ ಮಗ್ಗುಲಿಂದ, ಬೇವಿನ ಮರದ ಮೇಲಿಂದ "ಹಾಜರ್ರೀ!" ಎಂದು ಮಕ್ಕಳು ಕಿರುಚಿದರು. ಜನ ಬಿದ್ದು ಬಿದ್ದು ನಕ್ಕರು. ಚನ್ನವೀರಪ್ಪ ಮೈಕಿಗೆ ಕೈ ಚಾಚಿದ.

"ತಡೀರಿ, ಇನ್ನೊಂದು ಹೆಸರೈತಿ. ರೇಷ್ಮಾ ಹುಸೇನಿ, ಮೂರನೇ ಇಯತ್ತೆ."

ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ರೇಷ್ಮಾಳ ತಾಯಿ, ತಲೆ ಒಡೆದ ಗಂಡನನ್ನೂ ಮಗಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಊರು ಬಿಟ್ಟಿದ್ದಳು.

"ನೀವು ಹೇಳಿದ್ದು ಖರೇ ಐತಿ ಸಾಹೇಬ್ರ" ಎಂದರು ನೀಲಮ್ಮ. "ನಮ್ಮೂರಾಗ ಒಂದು ಕೂಸು ಕಾಣೆಯಾಗೈತಿ."

ಚನ್ನವೀರಪ್ಪ ಕಾರು ಹತ್ತಿದ. ಹುಸೇನಿಯನ್ನು ಬಡಿದವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.